ಗಸ್ತು ಕಾಸಿನ ಲೆಕ್ಕ ಕೇಳಿದ ಅಚ್ಚುಕೂಟದ ಮಾಲೀಕ

ಬೆಂಜಮಿನ್ ಫ್ರಾಂಕ್ಲಿನ್ ಅಂದರೆ ಗಾಳಿಪಟ ಹಾರಿಸಿ ಮಿಂಚಿನ ಗುಟ್ಟು ಬಿಡಿಸಿದ ಅಮೆರಿಕದ ವಿಜ್ಞಾನಿ ಅಂತಲೇ ಹೆಚ್ಚಿನವರಿಗೆ ಗೊತ್ತು. ಫಿಲಡೆಲ್ಫಿಯಾ ಪೇಟೆಯವರ ಪಾಲಿಗೆ ಮಾತ್ರ ಆತ ಮೊದಲು ಒಬ್ಬ ಅಂಗಡಿಕಾರ. 1706ರಲ್ಲಿ ಬಾಸ್ಟನ್ನಿನಲ್ಲಿ, ಮೇಣದಬತ್ತಿ ಮಾಡುವವನ ಮನೆಯಲ್ಲಿ ಹುಟ್ಟಿದ್ದು. ಹತ್ತು ವರ್ಷಕ್ಕೇ ಶಾಲೆ ಖತಂ. ಹದಿನೇಳಕ್ಕೆ ಮನೆ ಬಿಟ್ಟು ಓಡಿ ಬಂದು, ಮುಂದೆ ಇಲ್ಲೇ ಅಚ್ಚುಕೂಟ ಹಾಕಿದ. ಜೊತೆಗೆ ಕಾಗದದ ವ್ಯಾಪಾರ.

ಆಗ ಊರಿನ ರಾತ್ರಿ ಗಸ್ತು ವಾರ್ಡಿನ ಕಾನ್‌ಸ್ಟೇಬಲ್‌ಗಳ ಕೈಯಲ್ಲಿತ್ತು. ಕರೆದಾಗ ಮನೆಯೊಡೆಯರು ಗಸ್ತಿಗೆ ಬರಬೇಕು. ಆಗದವರು ವರ್ಷಕ್ಕೆ 6 ಷಿಲಿಂಗ್ ಕಟ್ಟಿ ತಪ್ಪಿಸಿಕೊಳ್ಳಬಹುದು. ಆ ದುಡ್ಡಲ್ಲಿ ಬದಲಿ ಆಳು ಇಡಬೇಕೆಂದು ಲೆಕ್ಕ. ನಡೆಯುತ್ತಿದ್ದುದೇ ಬೇರೆ. ಕಾನ್‌ಸ್ಟೇಬಲ್ ಸಾಹೇಬರು ಕಾಸು ಜೇಬಿಗಿಳಿಸಿ, ಒಂದಿಷ್ಟು ಹೆಂಡ ಕುಡಿಸಿ ಬೀದಿ ಪುಂಡರನ್ನೇ ಕಾವಲಿಗೆ ಹಾಕುತ್ತಿದ್ದರು. ಸುತ್ತು ಹಾಕುವುದು ಮರೆತು ರಾತ್ರಿಯೆಲ್ಲಾ ಕುಡಿತ. ಕಳ್ಳರಿಗೆ ಇನ್ನೇನು ಬೇಕು!

ಫ್ರಾಂಕ್ಲಿನ್ ತಕರಾರು ಇಷ್ಟಕ್ಕೇ ನಿಲ್ಲಲಿಲ್ಲ. 50 ಪೌಂಡಿನ ಆಸ್ತಿಯೂ ಇಲ್ಲದ ಬಡ ವಿಧವೆಗೂ 6 ಷಿಲಿಂಗ್, ಗೋದಾಮಿನಲ್ಲಿ ಸಾವಿರಾರು ಪೌಂಡಿನ ಮಾಲು ತುಂಬಿಟ್ಟ ಸಾಹುಕಾರನಿಗೂ ಅದೇ 6 ಷಿಲಿಂಗ್. ಇದ್ಯಾವ ಸೀಮೆ ನ್ಯಾಯ? ಸಂಬಳ ಕೊಟ್ಟು ಕಾಯಂ ಕಾವಲುಗಾರರನ್ನಿಡಬೇಕು, ಆಸ್ತಿ ನೋಡಿ ತೆರಿಗೆ ಹಾಕಬೇಕು ಎಂದು ಬರೆದು ಜಂಟೋ ಎಂಬ ಗೆಳೆಯರ ಕೂಟದಲ್ಲಿ ಓದಿದ. ಎಲ್ಲರೂ ತಲೆಯಾಡಿಸಿದರು. ಕಾನೂನಾಗಿ ಬರುವ ಹೊತ್ತಿಗೆ ವರ್ಷಗಳೇ ಉರುಳಿದ್ದವು. ಊರಿನ ಕೆಲಸ ಎಲ್ಲಿ ತಾನೇ ಬೇಗ ಆದೀತು?

ಬೆಂಕಿಯ ಕಾಟ ಇನ್ನೊಂದು. ಅದಕ್ಕೆ ಸರ್ಕಾರದ ದಾರಿ ಕಾಯಲಿಲ್ಲ. 1736ರಲ್ಲಿ ಸುಮಾರು 30 ಜನ ಸೇರಿ ಯೂನಿಯನ್ ಫೈರ್ ಕಂಪನಿ ಕಟ್ಟಿದರು. ಪ್ರತಿಯೊಬ್ಬನ ಮನೆಯಲ್ಲೂ ಚರ್ಮದ ಬಕೆಟ್, ಸಾಮಾನು ಹೊರಗೆ ಸಾಗಿಸಲು ಚೀಲ, ಬುಟ್ಟಿ ತಯಾರಿರಬೇಕು. ತಿಂಗಳ ಸಭೆಗೆ ಚಕ್ಕರ್ ಹೊಡೆದರೆ ದಂಡ. ಆ ದಂಡದ ಹಣದಲ್ಲೇ ಏಣಿ, ಕೊಕ್ಕೆ, ಬೆಂಕಿ ಆರಿಸುವ ಯಂತ್ರ ಬಂದವು. ನಾವೂ ಸೇರ್ತೀವಿ ಎಂದು ಬಂದವರಿಗೆ ನೀವೇ ಇನ್ನೊಂದು ಕಟ್ಟಿಕೊಳ್ಳಿ ಎಂದರಂತೆ. ಹಾಗೆ ಊರ ತುಂಬಾ ಕಂಪನಿಗಳಾದವು.

1748ರಲ್ಲಿ ನಗರಸಭೆ, 1751ರಲ್ಲಿ ಶಾಸನಸಭೆ. ನಡುವೆ ನ್ಯಾಯಾಧೀಶನ ಕುರ್ಚಿಯೂ ಸಿಕ್ಕಿತು; ನಾಲ್ಕು ದಿನ ಕೂತು, ಕಾನೂನು ತನಗೆ ಅಷ್ಟಾಗಿ ಬಾರದೆಂದು ಮೆಲ್ಲಗೆ ಜಾರಿಕೊಂಡ. ಇಂಥವರು ಅಪರೂಪ.

1775ರಲ್ಲಿ ಬ್ರಿಟಿಷರೊಡನೆ ಯುದ್ಧ ಹತ್ತಿಕೊಂಡಾಗ ಶಾಸನಸಭೆ 25 ಜನರ ರಕ್ಷಣಾ ಸಮಿತಿ ನೇಮಿಸಿತು. ಅಧ್ಯಕ್ಷತೆ ಬಿದ್ದದ್ದು 69ರ ಈ ಮುದುಕನ ತಲೆಗೆ. ಬೆಳಿಗ್ಗೆ ಆರಕ್ಕೇ ಸಮಿತಿ, ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಕಾಂಗ್ರೆಸ್ ಸಭೆ. ಶತ್ರು ಹಡಗು ಊರ ಹತ್ತಿರ ಸುಳಿಯದಂತೆ, ಕಬ್ಬಿಣದ ಮೊನೆಯ ಮರದ ಚೌಕಟ್ಟುಗಳನ್ನು ಡೆಲವೇರ್ ನದಿಯಲ್ಲಿ ಮುಳುಗಿಸಿಟ್ಟರು.

1776ರ ಫೆಬ್ರವರಿಯಲ್ಲಿ, ವಯಸ್ಸಾಯ್ತು ಇನ್ನು ಆಗದು ಎಂದು ಶಾಸನಸಭೆಗೂ ಸಮಿತಿಗೂ ರಾಜೀನಾಮೆ ಕೊಟ್ಟ. ಕಾಂಗ್ರೆಸ್ಸಿನವರು ಕೇಳಬೇಕಲ್ಲ! ಮರುತಿಂಗಳೇ ಚಳಿಯಲ್ಲಿ ಕೆನಡಾಕ್ಕೆ ರಾಯಭಾರ ಕಳಿಸಿದರು.