ರಾಬರ್ಟ್ ಬ್ರೂಸ್ ಫೂಟ್

ರಾಬರ್ಟ್ ಬ್ರೂಸ್ ಫೂಟ್ (22 ಸೆಪ್ಟೆಂಬರ್ 1834 – 29 ಡಿಸೆಂಬರ್ 1912) ಬ್ರಿಟಿಷ್ ಭೂವಿಜ್ಞಾನಿ ಮತ್ತು ಪ್ರಾಗೈತಿಹಾಸ ಸಂಶೋಧಕರು. ಕರ್ನಾಟಕದ ಚಿನ್ನವನ್ನು ಹೊಂದಿರುವ ಪ್ರಾಚೀನ ಶಿಲಾಸ್ತರಗಳನ್ನು ಪ್ರತ್ಯೇಕವಾಗಿ ಗುರುತಿಸಿ, ಅವುಗಳಿಗೆ ‘ಧಾರವಾಡ’ ಎಂಬ ಹೆಸರನ್ನು ನೀಡಿದರು.

ಜೀವನ ಮತ್ತು ವೃತ್ತಿ

ಫೂಟ್ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಜನಿಸಿದರು. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯನ್ನು ಸೇರಿದರು. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಉಪಕರಣವನ್ನು ಪತ್ತೆಹಚ್ಚಿದರು. 1891ರಲ್ಲಿ ನಿವೃತ್ತರಾದ ಬಳಿಕ ಬರೋಡಾ ಸಂಸ್ಥಾನದಲ್ಲಿಯೂ, 1894ರಲ್ಲಿ ಸ್ಥಾಪನೆಯಾದ ಮೈಸೂರು ಭೂವಿಜ್ಞಾನ ಇಲಾಖೆಯಲ್ಲಿಯೂ ಸೇವೆ ಸಲ್ಲಿಸಿದರು.

ಚಿನ್ನದ ಸಮೀಕ್ಷೆ

1874ರಲ್ಲಿ ಧಾರವಾಡ ಜಿಲ್ಲೆಯ ಡಂಬಳ ಬೆಟ್ಟಗಳ ಚಿನ್ನದ ಶಿಲೆಗಳನ್ನು ಕುರಿತ ಅವರ ವರದಿ ಪ್ರಕಟವಾಯಿತು. 1882ರಲ್ಲಿ ಮೈಸೂರು ಸಂಸ್ಥಾನದ ಚಿನ್ನದ ಪ್ರದೇಶಗಳ ಸಮೀಕ್ಷೆಯ ಟಿಪ್ಪಣಿ ಹೊರಬಂದಿತು. ಇಂದು ಸಾಸ್ವೆಹಳ್ಳಿ ಹೋಬಳಿಯನ್ನು ಒಳಗೊಂಡಿರುವ ಹೊನ್ನಾಳಿ ಸೀಮೆಯೂ ಆ ಪ್ರದೇಶಗಳಲ್ಲಿ ಒಂದು.

ಅಳತೆಯ ವಿಧಾನಗಳು

ಆ ಕಾಲದಲ್ಲಿ ಚಿನ್ನವನ್ನು ಪತ್ತೆಹಚ್ಚಲು ಎರಡು ವಿಧಾನಗಳು ಮುಖ್ಯವಾಗಿದ್ದವು. ಜಲಗಾರರು ಹಳ್ಳದ ಮರಳನ್ನು ಮರದ ತಟ್ಟೆಯಲ್ಲಿ ತೊಳೆದು, ಭಾರವಾದ ಕಣಗಳನ್ನು ಬೇರ್ಪಡಿಸುತ್ತಿದ್ದರು. ಇದರಿಂದ ಚಿನ್ನವಿರುವ ದಿಕ್ಕು ತಿಳಿಯುತ್ತಿತ್ತು. ಆದರೆ ಅತಿ ಸಣ್ಣ ಕಣಗಳು ನೀರಿನೊಡನೆ ಹೋಗುತ್ತಿದ್ದವು; ಗಂಧಕಯುಕ್ತ ಖನಿಜಗಳೊಳಗೆ ಅಡಗಿದ ಚಿನ್ನ ಕಾಣುತ್ತಿರಲಿಲ್ಲ. ಅಗ್ನಿಪರೀಕ್ಷೆಯಲ್ಲಿ ಪುಡಿಮಾಡಿದ ಕಲ್ಲನ್ನು ಸೀಸದ ಆಕ್ಸೈಡ್‌ನೊಂದಿಗೆ ಕರಗಿಸಲಾಗುತ್ತದೆ. ಸೀಸವು ಚಿನ್ನವನ್ನು ಹೀರಿಕೊಳ್ಳುತ್ತದೆ; ಬಳಿಕ ಮೂಳೆಬೂದಿಯ ಬಟ್ಟಲಿನಲ್ಲಿ ಸೀಸವನ್ನು ತೆಗೆದು, ಉಳಿದ ಮಣಿಯಿಂದ ಬೆಳ್ಳಿಯನ್ನು ಬೇರ್ಪಡಿಸಿ ತೂಗುತ್ತಾರೆ. ಇದು ಮಾದರಿಯ ಒಟ್ಟು ಪ್ರಮಾಣವನ್ನು ತಿಳಿಸುತ್ತದೆಯೇ ಹೊರತು, ಚಿನ್ನ ಯಾವ ಕಣದಲ್ಲಿದೆ ಎಂಬುದನ್ನಲ್ಲ.

ಈ ಕೊರತೆಯನ್ನು 20ನೆಯ ಶತಮಾನದ ಉಪಕರಣಗಳು ನೀಗಿಸಿದವು. ಎಲೆಕ್ಟ್ರಾನ್ ಸೂಕ್ಷ್ಮಶೋಧಕವು ಕಣವನ್ನು ನಾಶಮಾಡದೆ ವಿಶ್ಲೇಷಿಸುತ್ತದೆ. ಆದರೆ ಶೇಕಡಾ 0.01ಕ್ಕಿಂತ ಬಹಳ ಕಡಿಮೆ ಇರುವ ಧಾತುಗಳು ಸಾಮಾನ್ಯವಾಗಿ ಅದಕ್ಕೆ ನಿಲುಕುವುದಿಲ್ಲ. ಲೇಸರ್ ಬಳಸುವ ದ್ರವ್ಯರಾಶಿ ರೋಹಿತಮಾಪನವು ಹತ್ತು ಲಕ್ಷಕ್ಕೆ ಒಂದು ಭಾಗಕ್ಕಿಂತ ಕಡಿಮೆ ಪ್ರಮಾಣವನ್ನೂ ಅಳೆಯಬಲ್ಲದು. ಆದರೆ ಕಣದ ಮೇಲೆ ಸಣ್ಣ ಕುಳಿಯನ್ನು ಉಳಿಸುತ್ತದೆ.

ಕೊಡುಗೆ

ಈ ಉಪಕರಣಗಳಿಲ್ಲದ ಕಾಲದಲ್ಲಿ ಫೂಟ್ ಕ್ಷೇತ್ರಕಾರ್ಯವನ್ನೇ ಅವಲಂಬಿಸಿ, ದಕ್ಷಿಣ ಭಾರತದ ಮುಖ್ಯ ಚಿನ್ನದ ನಿಕ್ಷೇಪಗಳು ಧಾರವಾಡ ಶಿಲಾಸಮೂಹದಲ್ಲಿವೆ ಎಂದು 1880ರ ದಶಕದಲ್ಲಿ ಪ್ರತಿಪಾದಿಸಿದರು. ಎಲ್ಲಿ ಹುಡುಕಬೇಕು ಎಂಬ ಪ್ರಶ್ನೆಗೆ ಶಿಲೆಗಳ ನಕ್ಷೆಯೇ ಉತ್ತರವಾಯಿತು. ಎಷ್ಟಿದೆ ಎಂಬುದು ಪ್ರಯೋಗಾಲಯಕ್ಕೆ ಉಳಿಯಿತು. ಬಳ್ಳಾರಿ ಜಿಲ್ಲೆಯ ಭೂರಚನೆಯ ಬಗ್ಗೆ ಅವರು ಬರೆದ ಗ್ರಂಥ 1895ರಲ್ಲಿ ಪ್ರಕಟವಾಯಿತು. ಅವರ ಪ್ರಾಗೈತಿಹಾಸಿಕ ಸಂಗ್ರಹವು 1904ರಲ್ಲಿ ಮದರಾಸು ವಸ್ತುಸಂಗ್ರಹಾಲಯವನ್ನು ಸೇರಿತು.

ನಿಧನ

ಫೂಟ್ 1912ರಲ್ಲಿ ಕಲ್ಕತ್ತೆಯಲ್ಲಿ ನಿಧನರಾದರು. ಅವರಿಟ್ಟ ‘ಧಾರವಾಡ’ ಎಂಬ ಹೆಸರು ಭೂವಿಜ್ಞಾನದಲ್ಲಿ ಇಂದಿಗೂ ಬಳಕೆಯಲ್ಲಿದೆ.