ಕೊಲಾಜನ್‌ನಿಂದ ಜೀವಕೋಶದ ಬಾಗಿಲವರೆಗೆ: ಟಾಟಾ ಇನ್‌ಸ್ಟಿಟ್ಯೂಟ್‌ನ ಜಿ.ಎನ್. ರಾಮಚಂದ್ರನ್

ಬೆಂಗಳೂರು: ಶಿವಾಜಿನಗರದಲ್ಲಿ ಕಾಲು ಸೂಪ್ ಕುಡಿಯೋರಿಗೆ ಇದು ಗೊತ್ತಿರುತ್ತೆ. ಚೆನ್ನಾಗಿ ಕುದ್ದ ಸೂಪು ತಣ್ಣಗಾದ್ರೆ ಜೆಲ್ಲಿ ಥರ ಗಟ್ಟಿಯಾಗುತ್ತೆ, ಬೆರಳಿಗೆ ಅಂಟುತ್ತೆ. ಮೂಳೆ, ಚರ್ಮ, ನಾರುಗಳಲ್ಲಿ ಇರೋ ಕೊಲಾಜನ್ ಅನ್ನೋ ಪ್ರೋಟೀನ್ ಕುದ್ದಾಗ ಬರೋ ಅಂಟು ಅದು. ಈ ಕೊಲಾಜನ್ ಒಳಗೆ ಹೇಗೆ ಹೆಣೆದುಕೊಂಡಿದೆ ಅಂತ ಕಂಡುಹಿಡಿದ ವಿಜ್ಞಾನಿ ನಮ್ಮ ಬೆಂಗಳೂರಿನಲ್ಲೇ ಓದಿದವರು, ಇಲ್ಲೇ ದುಡಿದವರು. ಹೆಸರು ಜಿ.ಎನ್. ರಾಮಚಂದ್ರನ್.

ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಎರ್ನಾಕುಲಂನಲ್ಲಿ. ತಮಿಳು ಕುಟುಂಬ. ತಂದೆ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ತಿರುಚಿರಾಪಳ್ಳಿಯಲ್ಲಿ ಡಿಗ್ರಿ ಮುಗಿಸಿ 1942ರಲ್ಲಿ ಬೆಂಗಳೂರಿಗೆ ಬಂದರು. ಶಿವಾಜಿನಗರದಿಂದ ಮೇಖ್ರಿ ಸರ್ಕಲ್ ದಾಟಿ ಯಶವಂತಪುರದ ಕಡೆ ಹೋದರೆ ಸಿಗೋ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಮೊದಲು ಸೇರಿದ್ದು ಎಲೆಕ್ಟ್ರಿಕಲ್ ವಿಭಾಗಕ್ಕೆ. ಅಲ್ಲಿಂದ ಸರ್ ಸಿ.ವಿ. ರಾಮನ್ ಅವರ ಭೌತಶಾಸ್ತ್ರ ವಿಭಾಗಕ್ಕೆ ಬದಲಾದರು. ಆಮೇಲೆ ಕೇಂಬ್ರಿಜ್‌ಗೆ ಹೋಗಿ 1949ರಲ್ಲಿ ಡಾಕ್ಟರೇಟ್ ಪಡೆದು ವಾಪಸ್ ಬೆಂಗಳೂರಿಗೇ ಬಂದರು.

1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಕರೆಯಿತು. ಆ ಹುದ್ದೆ ಮೊದಲು ರಾಮನ್ ಅವರಿಗೇ ಬಂದಿತ್ತು. ಅವರು ತಾವು ಹೋಗದೆ ಶಿಷ್ಯನ ಹೆಸರು ಹೇಳಿದರು. ಮೂವತ್ತು ತುಂಬುವ ಮೊದಲೇ ರಾಮಚಂದ್ರನ್ ವಿಭಾಗದ ಮುಖ್ಯಸ್ಥರಾದರು.

ಮದ್ರಾಸ್‌ನಲ್ಲಿ ಚರ್ಮ ಸಂಶೋಧನಾ ಸಂಸ್ಥೆ ಹತ್ತಿರದಲ್ಲೇ ಇತ್ತು. ಚರ್ಮ ಅಂದ್ರೆ ಬಹುಪಾಲು ಕೊಲಾಜನ್ನೇ. ಕಾಂಗರೂ ಬಾಲದ ನಾರು ತರಿಸಿ ಎಕ್ಸ್‌ರೇ ಹಾಯಿಸಿ ನೋಡಿದರು. ಸಹೋದ್ಯೋಗಿ ಗೋಪಿನಾಥ್ ಕರ್ತಾ ಜೊತೆ ಸೇರಿ 1954ರಲ್ಲಿ ಉತ್ತರ ಕೊಟ್ಟರು: ಕೊಲಾಜನ್ ಅಂದ್ರೆ ಮೂರು ಎಳೆ ಹೊಸೆದ ಹಗ್ಗದಂಥದ್ದು. ಮರುವರ್ಷ ಅದನ್ನು ಇನ್ನಷ್ಟು ತಿದ್ದಿದರು.

ತಕರಾರು ಬಂದಿದ್ದು ಆಮೇಲೆ. ಡಿಎನ್‌ಎ ರಚನೆ ಹೇಳಿದ್ದ ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್, ಈ ಮಾದರಿಯಲ್ಲಿ ಅಣುಗಳು ಒಂದಕ್ಕೊಂದು ತೀರಾ ಹತ್ತಿರ ಇವೆ, ಹಾಗಿರೋಕೆ ಸಾಧ್ಯವಿಲ್ಲ ಅಂದರು. ಎದುರಿಗಿದ್ದವರು ಜಗತ್ತೇ ಹೊಗಳುತ್ತಿದ್ದ ಜನ. ಮೂರು ಎಳೆಯ ಮಾತು ನಿಂತರೂ ಮದ್ರಾಸ್‌ನವರ ಕೆಲಸ ಅಲ್ಲಿಗೇ ಮರೆಯಾಗಿಬಿಡಬಹುದಿತ್ತು.

ರಾಮಚಂದ್ರನ್ ಜಗಳಕ್ಕೆ ನಿಲ್ಲಲಿಲ್ಲ. ಅಣುಗಳು ನಿಜವಾಗಿ ಎಷ್ಟು ಹತ್ತಿರ ಬರಬಹುದು ಅಂತ, ಆವರೆಗೆ ಅಳೆದಿದ್ದ ಹರಳುಗಳ ಲೆಕ್ಕ ತೆಗೆದು ನೋಡಿದರು. ಪ್ರೋಟೀನ್ ಅಂದ್ರೆ ಕೊಂಡಿಗಳ ಸರಪಳಿ. ಒಂದೊಂದು ಕೊಂಡಿಯಲ್ಲೂ ತಿರುಗೋ ಜಾಗ ಎರಡು. ಅಂಗಡಿ ಬಾಗಿಲನ್ನು ಬೇಕಾದಷ್ಟು ತಿರುಗಿಸೋಕಾಗಲ್ಲ, ಪಕ್ಕದ ಗೋಡೆಗೆ ಬಡಿಯುತ್ತೆ ಅಲ್ವಾ, ಇಲ್ಲೂ ಹಾಗೇ. ಕೆಲವು ಕೋನಗಳಲ್ಲಿ ಅಣುಗಳು ಡಿಕ್ಕಿ ಹೊಡೆಯುತ್ತವೆ. ಯಾವ ಕೋನ ಆಗುತ್ತೆ, ಯಾವುದು ಆಗಲ್ಲ ಅಂತ ರಾಮಕೃಷ್ಣನ್ ಮತ್ತು ಶಶಿಶೇಖರನ್ ಜೊತೆ ಲೆಕ್ಕ ಹಾಕಿ ಒಂದೇ ಚೌಕದಲ್ಲಿ ನಕ್ಷೆ ಬರೆದರು. 1963ರಲ್ಲಿ ಪ್ರಕಟವಾದ ಇದೇ ರಾಮಚಂದ್ರನ್ ನಕ್ಷೆ. ಚೌಕದ ಬಹುಪಾಲು ಜಾಗ ಖಾಲಿ. ಪ್ರೋಟೀನ್ ಹೋಗಬಹುದಾದ ಜಾಗ ಸ್ವಲ್ಪವೇ.

ಇದರ ಬೆಲೆ ಗೊತ್ತಾಗಬೇಕಾದ್ರೆ ನಮ್ಮ ದೇಹದ ಮೈಟೋಕಾಂಡ್ರಿಯಾ ನೋಡಬೇಕು. ಜೀವಕೋಶದ ಒಳಗೆ ಶಕ್ತಿ ತಯಾರಿಸೋ ಭಾಗ ಇದು. ನೂರಾರು ಕೋಟಿ ವರ್ಷಗಳ ಹಿಂದೆ ಬೇರೆ ಕೋಶದೊಳಗೆ ಸೇರಿಕೊಂಡ ಬ್ಯಾಕ್ಟೀರಿಯಾವೇ ಮೈಟೋಕಾಂಡ್ರಿಯಾ ಆಯ್ತು ಅಂತ ವಿಜ್ಞಾನಿಗಳು ಹೇಳ್ತಾರೆ. ಅದರ ಹೊರಪೊರೆಯಲ್ಲಿ ಪೀಪಾಯಿ ಆಕಾರದ ಒಂದು ಪ್ರೋಟೀನ್ ಬಾಗಿಲಿನಂತೆ ಕೂತಿದೆ. ತಯಾರಾದ ಶಕ್ತಿ ಆಚೆ ಬರೋದು ಅದರ ಮೂಲಕ. ಹೆಸರು ವಿಡಿಎಸಿ. 19 ಪಟ್ಟಿ ಸೇರಿ ಪೀಪಾಯಿ ಆಗಿದೆ ಅಂತ 2008ರಲ್ಲಿ ಗೊತ್ತಾಯ್ತು. ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲೂ ಪೀಪಾಯಿಗಳಿವೆ. ಮೈಟೋಕಾಂಡ್ರಿಯಾದಲ್ಲಿ ಈ ಪೀಪಾಯಿಯನ್ನು ಪೊರೆಗೆ ಕೂರಿಸೋ ಪ್ರೋಟೀನು ಬ್ಯಾಕ್ಟೀರಿಯಾದ ಪ್ರೋಟೀನಿನ ಸಂಬಂಧಿಯೇ. ಇಷ್ಟು ಕಾಲದಲ್ಲಿ ಸರಪಳಿಯ ಎಷ್ಟೋ ಕೊಂಡಿಗಳು ಬದಲಾಗಿವೆ. ಆದ್ರೆ ತಿರುಗೋ ಕೋನದ ನಿಯಮ ಬದಲಾಗಿಲ್ಲ. ಆಡಿನ ಕಾಲಿನ ನಾರಿಗೂ, ಬ್ಯಾಕ್ಟೀರಿಯಾಕ್ಕೂ, ನಮಗೂ ಅದೇ ನಕ್ಷೆ.

ಹಾಗಾಗಿ ಇವತ್ತಿಗೂ ಯಾವ ದೇಶದಲ್ಲಿ ಹೊಸ ಪ್ರೋಟೀನ್ ರಚನೆ ಬಿಡಿಸಿದರೂ ಈ ನಕ್ಷೆ ಮೇಲೆ ಇಟ್ಟು ನೋಡ್ತಾರೆ. ಚುಕ್ಕಿಗಳು ತುಂಬಾ ಹೊರಗೆ ಬಿದ್ದರೆ ಎಲ್ಲೋ ತಪ್ಪಾಗಿದೆ ಅಂತ ಅರ್ಥ. ತಕರಾರಿಗೆ ಉತ್ತರ ಹುಡುಕೋಕೆ ಹೋಗಿ ಸಿಕ್ಕಿದ್ದು ಈಗ ಎಲ್ಲರ ಕೆಲಸ ಪರೀಕ್ಷಿಸೋ ಅಳತೆಗೋಲು.

1971ರಲ್ಲಿ ಅವರು ಮತ್ತೆ ಬೆಂಗಳೂರಿಗೆ ಬಂದು ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಫೆಲೋ ಆದರು. ನೊಬೆಲ್ ಬರಲಿಲ್ಲ. ಕೊನೆಗಾಲದಲ್ಲಿ ಪಾರ್ಕಿನ್ಸನ್ ಕಾಯಿಲೆ ಕಾಡಿತು. 1998ರಲ್ಲಿ ಪತ್ನಿ ರಾಜಲಕ್ಷ್ಮಿ ತೀರಿಕೊಂಡರು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ರಾಮಚಂದ್ರನ್ ನಿಧನರಾದರು.

ಚೆನ್ನೈ ರೈಲು ದಿನಾ ನಮ್ಮ ಕೆ.ಆರ್. ಪುರ, ಕಂಟೋನ್ಮೆಂಟ್ ಮೇಲೇ ಹೋಗುತ್ತೆ. ಅವರ ಜೀವನದ ಕೆಲಸವೆಲ್ಲ ಹೆಚ್ಚುಕಮ್ಮಿ ಆ ಹಳಿಯ ಎರಡು ತುದಿಯಲ್ಲೇ ನಡೆಯಿತು. ಅವರು ಕಟ್ಟಿದ ವಿಭಾಗ ಇಂದಿಗೂ ಪ್ರೋಟೀನ್ ಸಂಶೋಧನೆ ನಡೆಸುತ್ತಿದೆ. ಮನೆಯಲ್ಲಿ ಸೈನ್ಸ್ ಓದೋ ಮಕ್ಕಳಿದ್ರೆ ಈ ಹೆಸರು ಹೇಳಿ.