ಮಿರಜಿನ ಖಾನಸಾಹೇಬರು

ಕೈರಾನಾದಲ್ಲಿ 1872ರಲ್ಲಿ ಜನಿಸಿದ ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲೆನಿಂತದ್ದು ನಮ್ಮ ಮಿರಜಿನಲ್ಲಿ. ಮೈಸೂರು ಆಸ್ಥಾನದಲ್ಲಿ ಹಾಡಿದರು. ಕರ್ನಾಟಕ ಸಂಗೀತದ ಸ್ವರಪ್ರಸ್ತಾರವನ್ನು ತಮ್ಮ ಗಾಯನಕ್ಕೆ ಒಗ್ಗಿಸಿಕೊಂಡು, ತ್ಯಾಗರಾಜರ ಕೃತಿಯನ್ನು ಧ್ವನಿಮುದ್ರಿಕೆಗೂ ಕೊಟ್ಟರು. ಅವರಲ್ಲಿ ಕಲಿತ ಕುಂದಗೋಳದ ರಾಮಭಾವು ಸವಾಯಿ ಗಂಧರ್ವರಾದರು.

ವಿಲಂಬಿತ ಖ್ಯಾಲಿಗೆ ಒಂದು ತಾಸೂ ಸಾಲದು. ಗ್ರಾಮಫೋನ್ ತಟ್ಟೆ ಕೊಟ್ಟದ್ದು ಮೂರೇ ನಿಮಿಷ. ಆದರೂ ಝಿಂಝೋಟಿ ಠುಮರಿಯ ತಟ್ಟೆಯನ್ನು ಕೇಳಿಯೇ ಗದಗಿನ ಬಾಲಕ ಭೀಮಸೇನ ಜೋಶಿ 1933ರಲ್ಲಿ ಗುರುವನ್ನರಸಿ ಮನೆ ಬಿಟ್ಟನು.

1937ರಲ್ಲಿ ಪಾಂಡಿಚೇರಿಗೆ ಹೊರಟ ಖಾನಸಾಹೇಬರು ಎದೆನೋವಿನಿಂದ ಸಿಂಗಪೆರುಮಾಳ್ ಕೋಯಿಲ್ ನಿಲ್ದಾಣದಲ್ಲಿ ಇಳಿದು, ದರಬಾರಿ ರಾಗದಲ್ಲಿ ಪ್ರಾರ್ಥಿಸುತ್ತ ಕೊನೆಯುಸಿರೆಳೆದರೆನ್ನುತ್ತಾರೆ. ಸಮಾಧಿ ಮಿರಜಿನ ದರ್ಗಾದಲ್ಲಿದೆ. ಹಳೆಯ ತಟ್ಟೆಗಳು ಮುಂದೆ ಸಿ.ಡಿ.ಗಳಾಗಿ ಮರಳಿದವು. ಗೀರುಸದ್ದನ್ನು ಸಹಿಸಿ ಕೇಳಿದರೆ ಆ ಸಣ್ಣ, ಎತ್ತರದ ಕಂಠ ಸುಸ್ಪಷ್ಟ.